ಒಂದೂಕಾಲು ಇಂಚು ಸೊಟ್ಟ

ಸಲೂನಣ್ಣ ಬೆಳಿಗ್ಗೆ ಏಳೂವರೆಗೆ ಅಂಗಡಿಯ ಷಟರ್ ಎತ್ತಿದ, ಮೈಮುರಿದ, ಆಕಳಿಸಿದ. ಆಕಳಿಸಿದ ಬಾಯನ್ನು ಹಾಗೇ ಮುಚ್ಚಿಕೊಂಡಿದ್ದರೆ ಆ ದಿನ ಎಲ್ಲರಿಗೂ ಸುಖವಾಗಿ ಕಳೆಯುತ್ತಿತ್ತು. ಆದರೆ ತೆರೆದ ಬಾಯನ್ನು ಸುಮ್ಮನೆ ಮುಚ್ಚುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

"ಟೈಲರಣ್ಣಾ, ನಿಮ್ಮ ಕಾರು ಒಂದು ಕಡೆಗೆ ವಾಲಿದೆಯಲ್ಲಾ!"

ರಸ್ತೆಯ ಈಚೆ ಬದಿ, ತನ್ನ ಮನೆಯ ಕಾಂಪೌಂಡಿನೊಳಗೆ ಕಾರಿನ ಮೂಗು ಒರೆಸುತ್ತಿದ್ದ ಟೈಲರಣ್ಣನ ಕೈ ಅಲ್ಲೇ ನಿಂತಿತು. ತನಗೆ ಬೈದರೆ ಸಹಿಸಿಕೊಂಡಾನು, ಆ ಕಾರಿಗೆ ಬೈದರೆ ಸಹಿಸುವ ಆಳಲ್ಲ.

ಕಾರು ಅಂದರೆ ಅಂಥಿಂಥ ಕಾರಲ್ಲ. ಎರಡೇ ಸೀಟಿನ, ಚಾವಣಿಯಿಲ್ಲದ, ಮೊಸಳೆಯ ಹಾಗೆ ಉದ್ದ ಮೂಗಿನ ಹಳೇ ಸ್ಪೋರ್ಟ್ಸ್ ಕಾರು. ಸೋದರಮಾವ ತೀರಿಕೊಂಡಾಗ ಮಿಕ್ಕವರಿಗೆ ಮನೆ ಬಂತು, ಅಂಗಡಿ ಬಂತು. ಟೈಲರಣ್ಣನಿಗೆ ತುಕ್ಕು ಬಂತು. ಆ ತುಕ್ಕನ್ನು ಅವನು ಹನ್ನೊಂದು ವರ್ಷ ಉಜ್ಜಿದ. ಚಕ್ರ ಬಿಚ್ಚಿ ಕಲ್ಲಿನ ಮೇಲೆ ನಿಲ್ಲಿಸಿ ಎಂಜಿನ್ ಕಳಚಿದ, ಸೀಟಿಗೆ ತಾನೇ ಚರ್ಮ ಹೊಲಿದ, ಕೆಂಪು ಬಣ್ಣ ಬಳಿದ. ಎರಡು ತಿಂಗಳ ಹಿಂದೆಯಷ್ಟೇ ಕಾರು ತನ್ನ ಕಾಲ ಮೇಲೆ ನಿಂತಿತ್ತು. ನಾಳೆ ಹಳೇ ಕಾರುಗಳ ಸಂಘದ ಮೆರವಣಿಗೆ. ಇವತ್ತು ನಾಲ್ಕು ಗಂಟೆಗೆ ಸಂಘದ ಪರೀಕ್ಷಕರು ಬಂದು ನೋಡಿ ಚೀಟಿ ಕೊಟ್ಟರೆ, ಟೈಲರಣ್ಣ ನಾಳೆ ಅದನ್ನು ಓಡಿಸಿಕೊಂಡು ದೊಡ್ಡ ರಸ್ತೆಯಲ್ಲಿ ಹೋಗಬಹುದು. ಹನ್ನೊಂದು ವರ್ಷದಿಂದ ಅವನಿಗೆ ಬೇಕಾಗಿದ್ದದ್ದು ಅದೊಂದೇ. ಸ್ಟೀರಿಂಗ್ ಹಿಡಿದು ತಾನು ಕೂತಿರಬೇಕು, ಎರಡೂ ಕಡೆ ಜನ ನಿಂತು ನೋಡಬೇಕು. ಅದರಲ್ಲೂ ಹೊಲಿಗೆಗೆ ಕೊಟ್ಟ ಬಟ್ಟೆ ಇನ್ನೂ ಬಂದಿಲ್ಲವೆಂದು ಗೊಣಗುವ ಗಿರಾಕಿಗಳು ಎಲ್ಲರೂ ನೋಡಬೇಕು.

"ಯಾವ ಕಡೆಗೆ ವಾಲಿದೆ? ನಿನ್ನ ಕಣ್ಣು ವಾಲಿರಬೇಕು," ಎಂದ ಟೈಲರಣ್ಣ.

"ದಿನಕ್ಕೆ ಇಪ್ಪತ್ತು ಮೀಸೆ ಸಮ ಮಾಡೋ ಕಣ್ಣು ಅಣ್ಣಾ ಇದು. ಬೇಕಿದ್ರೆ ಮೇಸ್ತ್ರಿಗಳನ್ನ ಕೇಳಿ."

ಪಕ್ಕದ ಮನೆಯ ಗಾರೆ ಮೇಸ್ತ್ರಿಗೆ ಕೆಲಸ ಬಿಟ್ಟು ನಾಲ್ಕು ವರ್ಷವಾಗಿತ್ತು. ಬುದ್ಧಿ ಹೇಳುವುದನ್ನು ಮಾತ್ರ ಬಿಟ್ಟಿರಲಿಲ್ಲ. ಅವರು ಗೋಡೆಯ ಮೇಲಿಂದ ಕತ್ತು ಚಾಚಿ ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಒಳಗೆ ಹೋಗಿ ರಸಮಟ್ಟ ತಂದರು. ಗೋಡೆ, ನೆಲ ಮಟ್ಟವಾಗಿದೆಯೇ ಎಂದು ನೋಡುವ ಮರದ ಪಟ್ಟಿ ಅದು. ನಡುವೆ ಗಾಜಿನ ಕೊಳವೆ, ಕೊಳವೆಯಲ್ಲಿ ಒಂದು ಗುಳ್ಳೆ. ಕಾರಿನ ಬಾನೆಟ್ಟಿನ ಮೇಲೆ ಅಡ್ಡಲಾಗಿ ಇಟ್ಟದ್ದೇ ತಡ, ಗುಳ್ಳೆ ಸಾಲ ಕೊಟ್ಟವನನ್ನು ಕಂಡವನಂತೆ ಒಂದು ಮೂಲೆಗೆ ಓಡಿತು.

"ಏನಯ್ಯಾ ಇದು! ಈ ಮಟ್ಟದಲ್ಲಿ ನಾನು ಗೋಡೆ ಕಟ್ಟಿದ್ದಿದ್ರೆ ಜೈಲಿಗೆ ಹಾಕೋರು," ಎಂದರು ಮೇಸ್ತ್ರಿ.

ಟೈಲರಣ್ಣ ಕೊರಳಿನ ಟೇಪು ಎಳೆದು ಅಳೆದ. ನೆಲದಿಂದ ಮಡ್‌ಗಾರ್ಡಿನ ತುದಿಗೆ ಬಲಗಡೆ ಇಪ್ಪತ್ತಾರು ಇಂಚು. ಎಡಗಡೆ ಇಪ್ಪತ್ತನಾಲ್ಕೂ ಮುಕ್ಕಾಲು. ಒಂದೂಕಾಲು ಇಂಚು ಸೊಟ್ಟ! ಗಿರಾಕಿಯ ಭುಜ ದಾರದಷ್ಟು ಇಳಿದಿದ್ದರೂ ಬಾಗಿಲಲ್ಲೇ ಪತ್ತೆ ಹಚ್ಚುವ ಕಣ್ಣಿಗೆ ಇದು ಎರಡು ತಿಂಗಳು ಕಂಡಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು.

ಅಷ್ಟರಲ್ಲಿ ಹೆಂಡತಿ ಹೊರಗೆ ಬಂದಳು. ಅವಳು ಶಾಲೆಯ ವ್ಯಾನ್ ಓಡಿಸುತ್ತಿದ್ದಳು, ಬೀದಿಗೆಲ್ಲ ವ್ಯಾನಕ್ಕ. ಗಟ್ಟಿ ಆಳು. ನಲವತ್ತು ಮಕ್ಕಳ ಗಲಾಟೆಯನ್ನು ಒಂದೇ ಕೆಮ್ಮಿನಲ್ಲಿ ಅಡಗಿಸಬಲ್ಲವಳು. ಗಂಡ ಅವಳ ಪಕ್ಕ ನಿಂತರೆ ಬೀರುವಿನ ಪಕ್ಕ ಹ್ಯಾಂಗರ್ ನಿಲ್ಲಿಸಿದ ಹಾಗೆ ಕಾಣುತ್ತಿತ್ತು.

"ರೀ, ನಾಲ್ಕು ಗಂಟೆಗೆ ಅವರು ಬರೋದು. ಸುಮ್ನೆ ಒರೆಸಿ ಇಡಿ. ಇವರ ಮಾತು ಕಟ್ಕೊಂಡು ಸ್ಪ್ಯಾನರ್ ಹಿಡೀಬೇಡಿ," ಎಂದಳು.

"ಸೊಟ್ಟ ಇದೆ ಕಣೇ!"

"ಇದ್ರೆ ಇರ್ಲಿ. ನಮ್ಮನೇಲಿ ಯಾವುದು ನೆಟ್ಟಗಿದೆ?" ಎನ್ನುತ್ತ ಅವಳು ವ್ಯಾನ್ ಹತ್ತಿ ಹೋದಳು.

ಇಷ್ಟು ಒಳ್ಳೆಯ ಮಾತನ್ನು ಗಂಡಂದಿರು ಕೇಳಿದ ದಾಖಲೆ ಎಲ್ಲೂ ಇಲ್ಲ. ಟೈಲರಣ್ಣನೂ ಕೇಳಲಿಲ್ಲ.

ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು. ಗಿರಾಕಿಯ ಒಂದು ಭುಜ ಇಳಿದಿದ್ದರೆ ಕೋಟಿನೊಳಗೆ ಆ ಕಡೆ ಸ್ವಲ್ಪ ಹೆಚ್ಚು ಪ್ಯಾಡ್ ಇಡುತ್ತಾರೆ. ಕಾರಿಗೂ ಅಷ್ಟೇ. ಇಳಿದ ಕಡೆಯ ಮುಂಚಕ್ರದ ಸ್ಪ್ರಿಂಗ್ ಬಿಚ್ಚಿ ಅದರ ತಲೆಯ ಮೇಲೆ ರಬ್ಬರಿನ ಪ್ಯಾಡ್ ಇಟ್ಟರೆ ಆ ಕಡೆ ಏಳುತ್ತದೆ. ಹಳೇ ಟೈರಿನ ರಬ್ಬರನ್ನು ಚಾಕ್‌ಪೀಸಿನಲ್ಲಿ ಗುರುತು ಹಾಕಿ, ದುಂಡಗೆ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಸರಿಯಾಗಿ ಒಂದೂಕಾಲು ಇಂಚು ದಪ್ಪದ ಪ್ಯಾಡ್ ಮಾಡಿದ. ಬಟ್ಟೆಯ ಕತ್ತರಿಯಲ್ಲಿ ರಬ್ಬರ್ ಕತ್ತರಿಸಿದ್ದರಿಂದ ಕತ್ತರಿಯ ಬಾಯಿ ಮೊಂಡಾಯಿತು. ಹೋಗಲಿ ಎಂದುಕೊಂಡ.

ಜಾಕ್ ಏರಿಸಬೇಕು ಅನ್ನುವಷ್ಟರಲ್ಲಿ ನಾಲ್ಕು ಮನೆ ಆಚೆಯ ಅವನ ಹೊಲಿಗೆ ಅಂಗಡಿಯಿಂದ ಕೂಗು ಬಂತು. ಶಾಲೆಯ ಹೆಡ್ಮಾಸ್ತರು ಕೋಟಿನ ಟ್ರಯಲ್‌ಗೆ ಬಂದು ಕೂತಿದ್ದರು. ಅವರನ್ನು ಕಾಯಿಸುವಂತಿರಲಿಲ್ಲ, ಹೋದ ತಿಂಗಳಿಂದ ಕಾಯಿಸಿ ಆಗಿತ್ತು.

"ನೀವು ಹೋಗಿ ಟೈಲರಣ್ಣಾ, ನಾವಿಬ್ರು ಇದ್ದೀವಲ್ಲಾ," ಎಂದ ಸಲೂನಣ್ಣ. ಅವನ ಅಂಗಡಿಯಲ್ಲಿ ಒಬ್ಬ ಗಿರಾಕಿ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕಾಯುತ್ತಿದ್ದ. ಅದು ಅವನಿಗೆ ನೆನಪಾಗಲಿಲ್ಲ.

"ಮಾವನ ಕ್ಲ್ಯಾಂಪ್ ಅಲ್ಲಿದೆ. ಸ್ಪ್ರಿಂಗನ್ನ ಅದರಲ್ಲಿ ಅದುಮಿ ಹಿಡಿದು ಬಿಚ್ಚಿ, ಇಲ್ದಿದ್ರೆ ಹಾರಿ ಹಲ್ಲು ಮುರಿಯುತ್ತೆ. ಪ್ಯಾಡು ಎಡಗಡೆ ಹಾಕಿ. ಎಡಗಡೆ!"

"ಎಡಗಡೆ. ಗೊತ್ತಾಯ್ತು ಹೋಗಯ್ಯಾ. ನನಗೆ ಎಡಬಲ ಹೇಳಿಕೊಡೋಕೆ ಬಂದ," ಎಂದರು ಮೇಸ್ತ್ರಿ.

ಹೆಡ್ಮಾಸ್ತರ ಕೋಟು ಒಂದು ಗಂಟೆ ನುಂಗಿತು. ಅವರು ಕನ್ನಡಿಯ ಮುಂದೆ ಭಾಷಣದ ಭಂಗಿಯಲ್ಲಿ ಕೈ ಎತ್ತಿ ನೋಡಿದರು, ಕೈ ಕಟ್ಟಿ ನೋಡಿದರು, ಮಕ್ಕಳಿಗೆ ಹೊಡೆಯುವ ಹಾಗೆ ಬೀಸಿ ನೋಡಿದರು. ಟೈಲರಣ್ಣ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಹೂಂ ಹೂಂ ಎನ್ನುತ್ತಿದ್ದ. ಅವರನ್ನು ಸಾಗಹಾಕಿ ಮನೆಗೆ ಓಡಿಬಂದವನು ಗೇಟಿನಲ್ಲೇ ನಿಂತುಬಿಟ್ಟ.

ಕಾರು ಕಂಬ ಕಂಡ ನಾಯಿಯ ಹಾಗೆ ಒಂದು ಕಾಲು ಎತ್ತಿ ನಿಂತಿತ್ತು.

ಎತ್ತಿದ ಕಾಲು ಬಲಗಾಲು. ಟೇಪು ಹಿಡಿದು ನೋಡಿದರೆ ಬಲಗಡೆ ಇಪ್ಪತ್ತೆಂಟೂವರೆ! ಒಂದೂಕಾಲು ಇದ್ದ ಸೊಟ್ಟ ಈಗ ಮೂರೂ ಮುಕ್ಕಾಲು.

"ಎಡಗಡೆ ಹಾಕಿ ಅಂದಿದ್ದೆ!"

"ಎಡಕ್ಕೇ ಹಾಕಿದ್ದೀವಿ," ಎಂದರು ಮೇಸ್ತ್ರಿ.

"ಇದು ಎಡಾನಾ?"

ಮೇಸ್ತ್ರಿ ಕಾರಿನ ಮುಂದೆ ಹೋಗಿ ಎದುರಾಗಿ ನಿಂತು ಎಡಗೈ ಚಾಚಿದರು. "ನೋಡು. ಇದು ನನ್ನ ಎಡಗೈ. ಅರವತ್ತೆರಡು ವರ್ಷದಿಂದ ಇದೇ ಎಡಗೈ."

"ನಿಮ್ಮ ಎಡಗೈ ಯಾರಿಗೆ ಬೇಕಿತ್ತು? ಕಾರಿನ ಎಡ!"

"ಕಾರಿಗೆ ಕೈ ಎಲ್ಲಿದೆಯಯ್ಯಾ?"

"ಕೋಟು ಹೊಲಿಯೋವಾಗ ಎಡತೋಳು ಅಂದ್ರೆ ಹಾಕ್ಕೊಳ್ಳೋನ ಎಡತೋಳು ಮೇಸ್ತ್ರಿಗಳೇ! ಹೊಲಿಯೋನ ಎಡ ಅಲ್ಲ!"

"ನಾನು ಗೋಡೆ ಕಟ್ಟಿದೋನು. ಗೋಡೇನ ಯಾರು ಹಾಕ್ಕೋತಾರೆ? ಗೋಡೆ ಮುಂದೆ ನಿಂತ್ರೆ ನನ್ನ ಎಡವೇ ಗೋಡೆ ಎಡ. ನಲವತ್ತು ವರ್ಷ ಅದೇ ಲೆಕ್ಕದಲ್ಲಿ ಕಿಟಕಿ ಇಟ್ಟಿದ್ದೀನಿ, ಒಂದು ಮನೆಯವರೂ ತಕರಾರು ಮಾಡಿಲ್ಲ."

ಟೈಲರಣ್ಣ ಸಲೂನಣ್ಣನ ಕಡೆ ತಿರುಗಿದ. "ನಿನಗಾದ್ರೂ ಗೊತ್ತಾಗಬಾರದಾ? ನೀನು ಗಿರಾಕಿ ಎಡಗೆನ್ನೆ ಅಂದ್ರೆ ಯಾವುದು ಕೆರೀತೀಯಾ?"

"ಗಿರಾಕಿದೇ ಎಡ ಅಣ್ಣಾ. ಆದ್ರೆ ನಾನು ಹಿಂದೆ ನಿಂತು ಕನ್ನಡೀಲಿ ನೋಡಿ ಹೇಳೋದು. ಇಲ್ಲಿ ಕನ್ನಡಿ ಇರಲಿಲ್ಲ, ಅದಕ್ಕೆ ಮೇಸ್ತ್ರಿಗಳು ಹೇಳಿದ್ದೇ ಸರಿ ಅಂದ್ಕೊಂಡೆ."

ಮೂವರೂ ಏಕಕಾಲಕ್ಕೆ ಕೂಗಾಡಲು ತೊಡಗಿದರು. ಒಬ್ಬ ಕಾರಿನ ಹಿಂದೆ, ಒಬ್ಬ ಮುಂದೆ, ಒಬ್ಬ ಸೀಟಿನ ಮೇಲೆ ನಿಂತು ತಂತಮ್ಮ ಎಡಗೈ ಚಾಚಿ ಎಡ ಎಡ ಎಂದು ಕಿರುಚುತ್ತಿದ್ದರೆ, ರಸ್ತೆಯಲ್ಲಿ ಹೋಗುವವರು ಇದೇನೋ ಕವಾಯತು ಎಂದು ನಿಂತು ನೋಡಿದರು. ಮುಖದ ಮೇಲೆ ಸೋಪು ಒಣಗಿದ ಗಿರಾಕಿಯೂ ರಸ್ತೆ ದಾಟಿ ಬಂದು, "ಸ್ವಾಮೀ, ಎಡ ಯಾವುದಾದ್ರೂ ಆಗ್ಲಿ, ಎರಡೂ ಕೆನ್ನೆ ಉರೀತಿದೆ," ಎಂದ.

ಹನ್ನೆರಡೂವರೆಗೆ ಊಟಕ್ಕೆ ಬಂದ ವ್ಯಾನಕ್ಕ ಗೇಟಿನಲ್ಲಿ ನಿಂತು ಒಂದು ಸಲ ಕೆಮ್ಮಿದಳು. ಮೂವರೂ ಸುಮ್ಮನಾದರು.

"ಎಡನೂ ಇಲ್ಲ, ಬಲನೂ ಇಲ್ಲ," ಎಂದಳು. "ಸ್ಟೀರಿಂಗ್ ಇರೋದು ಡ್ರೈವರ್ ಸೈಡು. ಆಚೆದು ಕ್ಲೀನರ್ ಸೈಡು. ಹಿಂದೆ ನಿಂತ್ರೂ ಅದೇ, ಮುಂದೆ ನಿಂತ್ರೂ ಅದೇ, ತಲೆಕೆಳಗಾಗಿ ನಿಂತ್ರೂ ಅದೇ. ಗಾಡಿ ಮುಟ್ಟೋರು ಗಾಡಿ ಭಾಷೆ ಮಾತಾಡಬೇಕು. ಅಷ್ಟು ಗೊತ್ತಿಲ್ದೆ ಸ್ಪ್ರಿಂಗ್ ಬಿಚ್ಚೋಕೆ ಹೊರಟಿದ್ದೀರಾ?"

ಅವಳು ಒಳಗೆ ಹೋಗಿ ಉಂಡು, ಹದಿನೈದು ನಿಮಿಷ ಮಲಗಿ, ಮಧ್ಯಾಹ್ನದ ಟ್ರಿಪ್ಪಿಗೆ ಹೊರಟಳು. ಅಷ್ಟರೊಳಗೆ ಪ್ಯಾಡು ಡ್ರೈವರ್ ಸೈಡಿನಿಂದ ಹೊರಬಂದು ಕ್ಲೀನರ್ ಸೈಡಿಗೆ ಹೋಗಿತ್ತು. ಜಾಕ್ ಇಳಿಸಿದರು. ರಸಮಟ್ಟ ಇಟ್ಟರು. ಗುಳ್ಳೆ ಈ ಸಲ ಇನ್ನೊಂದು ಮೂಲೆಗೆ ಓಡಿತು.

ಟೇಪು ಹೇಳಿದ್ದಿಷ್ಟು: ಡ್ರೈವರ್ ಸೈಡು ಇಪ್ಪತ್ತಾರು, ಕ್ಲೀನರ್ ಸೈಡು ಇಪ್ಪತ್ತೇಳೂಕಾಲು. ಸೊಟ್ಟ ಅದೇ ಒಂದೂಕಾಲು ಇಂಚು, ಮಗ್ಗುಲು ಮಾತ್ರ ಬದಲಾಯಿಸಿತ್ತು.

"ಇದೇನು ದೆವ್ವ ಹಿಡಿದಿದೆಯಾ?" ಎಂದ ಟೈಲರಣ್ಣ.

"ಏನೂ ಇಲ್ಲ ಅಣ್ಣಾ, ಮೀಸೆ ಥರಾನೇ ಇದು," ಎಂದ ಸಲೂನಣ್ಣ. "ಈ ಕಡೆ ಜಾಸ್ತಿ ಆಯ್ತಾ? ಆ ಕಡೆಗೂ ಸ್ವಲ್ಪ ಕೊಡೋಣ. ಸಮ ಆಗುತ್ತೆ."

ಡ್ರೈವರ್ ಸೈಡಿಗೂ ಒಂದು ಸಣ್ಣ ಪ್ಯಾಡು ಹೋಯಿತು. ಸಮವೇನೋ ಆಯಿತು. ಗುಳ್ಳೆ ನಟ್ಟನಡುವೆ ನಿಂತಿತು. ಆದರೆ ಕಾರಿನ ಮೂಗು ಮೇಲೆ ಹೋಗಿ, ಹಿಂಭಾಗ ಕೆಳಗೆ ಕೂತು, ಅದು ಬಟ್ಟೆ ಎತ್ತಿ ಹಿಡಿದು ಕೊಚ್ಚೆ ದಾಟುವವರ ಹಾಗೆ ತುದಿಗಾಲಲ್ಲಿ ನಿಂತಿತ್ತು. ಸಲೂನಣ್ಣನ ಅಂಗಡಿಗೆ ಹೋದವರ ಮೀಸೆಗಳಿಗೆ ಏನಾಗುತ್ತದೆ ಎನ್ನುವುದು ಟೈಲರಣ್ಣನಿಗೆ ಅವತ್ತು ಅರ್ಥವಾಯಿತು.

"ಯಾರೂ ಮುಟ್ಟಬೇಡಿ!" ಎಂದು ಅಬ್ಬರಿಸಿ, ಅವನು ನೆಲದ ಮೇಲೆ ಕೂತು ಚಾಕ್‌ಪೀಸಿನಲ್ಲಿ ಲೆಕ್ಕ ಹಾಕಿದ. ಸ್ಪ್ರಿಂಗು ಕೂರುವುದು ಚಕ್ರಕ್ಕಿಂತ ಒಳಗೆ. ಅದಕ್ಕೇ ಅಲ್ಲಿ ಒಂದಿಂಚು ಇಟ್ಟರೆ ಇಲ್ಲಿ ಎರಡಿಂಚು ಏಳುತ್ತದೆ. ಅಂದರೆ ಬೇಕಾದದ್ದು ಒಂದೂಕಾಲರ ಅರ್ಧ, ಅದೂ ಕ್ಲೀನರ್ ಸೈಡಿಗೆ ಮಾತ್ರ. ಇಷ್ಟು ಲೆಕ್ಕವನ್ನು ಬೆಳಿಗ್ಗೆಯೇ ಹಾಕಬಹುದಿತ್ತು. ಆದರೆ ಮೂರು ಜನ ಸೇರಿದಲ್ಲಿ ಲೆಕ್ಕಕ್ಕೆ ಜಾಗ ಎಲ್ಲಿ?

ಮತ್ತೆ ಜಾಕ್, ಮತ್ತೆ ನಟ್ಟು, ಮತ್ತೆ ಕ್ಲ್ಯಾಂಪು. ಮೇಸ್ತ್ರಿಯ ಬೆರಳು ಜಜ್ಜಿತು. ಸಲೂನಣ್ಣನ ಬಿಳಿ ಅಂಗಿ ಗ್ರೀಸಿನಲ್ಲಿ ಎಮ್ಮೆಯ ಬಣ್ಣಕ್ಕೆ ಬಂತು. ಕಾರು ಇಳಿದಾಗ ನಾಲ್ಕಕ್ಕೆ ಹತ್ತು ನಿಮಿಷ. ಟೈಲರಣ್ಣ ಅಳೆದ: ಇಪ್ಪತ್ತಾರು. ಆ ಕಡೆ ಹೋಗಿ ಅಳೆದ: ಇಪ್ಪತ್ತಾರು. ಮೇಸ್ತ್ರಿ ರಸಮಟ್ಟ ಇಟ್ಟರು. ಗುಳ್ಳೆ ಎರಡು ಗೆರೆಗಳ ನಡುವೆ ಬಂದು, ಮನೆ ಸೇರಿದವನ ಹಾಗೆ ನಿಂತಿತು.

ಸಲೂನಣ್ಣ ಕಣ್ಣೊರೆಸಿಕೊಂಡು ಮುಖಕ್ಕೂ ಗ್ರೀಸ್ ಹಚ್ಚಿಕೊಂಡ.

ನಾಲ್ಕು ಗಂಟೆಗೆ ಸರಿಯಾಗಿ ಪರೀಕ್ಷಕರು ಬಂದರು. ಟೈಲರಣ್ಣ ಗಂಡಸನ್ನು ನಿರೀಕ್ಷಿಸಿದ್ದ. ಬಂದವರು ಬಿಳಿಗೂದಲಿನ, ದಪ್ಪ ಕನ್ನಡಕದ ಹೆಂಗಸು. ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ನಮಸ್ಕಾರಕ್ಕೆ ತಲೆಯಾಡಿಸಿದರು, ಟೀ ಬೇಡ ಅಂದರು, ಚಾಪೆ ಕೇಳಿದರು. ಚಾಪೆ ಹಾಸಿಕೊಂಡು ಕಾರಿನ ಕೆಳಗೆ ಹೋಗಿ ಮಲಗಿದವರು ಹತ್ತು ನಿಮಿಷ ಹೊರಗೆ ಬರಲಿಲ್ಲ. ಕೆಳಗಿನಿಂದ ಆಗಾಗ "ಭೇಷ್" ಎಂಬ ದನಿ ಕೇಳುತ್ತಿತ್ತು. ಪ್ರತಿ ಭೇಷ್‌ಗೂ ಟೈಲರಣ್ಣ ಅರ್ಧ ಇಂಚು ಬೆಳೆದ.

ಆಮೇಲೆ ಹೊರಗೆ ಬಂದು, ಕಾರಿನ ಎದುರಿಗೆ ಹತ್ತು ಹೆಜ್ಜೆ ದೂರ ನಿಂತು ನೋಡಿದರು. ಮುಖ ಗಂಟಿಕ್ಕಿತು.

"ಇದು ನೆಟ್ಟಗೆ ನಿಂತಿದೆಯಲ್ಲಾ?"

"ಹೌದು ಮೇಡಂ!" ಎಂದ ಟೈಲರಣ್ಣ ಹಲ್ಲುಬಿಟ್ಟು.

"ಯಾಕೆ ನೆಟ್ಟಗೆ ನಿಂತಿದೆ?"

ಹಲ್ಲು ಒಳಗೆ ಹೋಯಿತು. ಸಲೂನಣ್ಣ ಮುಂದೆ ಬಂದ. "ಬೆಳಿಗ್ಗೆ ವಾಲಿತ್ತು ಮೇಡಂ, ಒಂದೂಕಾಲು ಇಂಚು. ಮೊದಲು ಕಂಡುಹಿಡಿದೋನು ನಾನೇ. ಮೂರು ಜನ ಸೇರಿ ಸರಿ ಮಾಡಿದ್ವಿ."

"ಸರಿ ಮಾಡಲಿಲ್ಲ. ಸರಿ ಇದ್ದದ್ದನ್ನ ಕೆಡಿಸಿದ್ರಿ," ಎಂದರು ಪರೀಕ್ಷಕಿ. "ಈ ಕಾರನ್ನ ಒಬ್ಬರೇ ಕೂತು ಓಡಿಸಲಿ ಅಂತ ಮಾಡಿದ್ದು. ಒಬ್ಬರೇ ಕೂತ್ರೆ ಡ್ರೈವರ್ ಸೈಡು ಕೆಳಗೆ ಹೋಗುತ್ತೆ ತಾನೇ? ಅದಕ್ಕೆ ಕಾರ್ಖಾನೆಯಲ್ಲೇ ಆ ಕಡೆ ಸ್ಪ್ರಿಂಗನ್ನ ಉದ್ದ ಮಾಡಿ ಹಾಕಿರ್ತಾರೆ. ಖಾಲಿ ಇದ್ದಾಗ ಸೊಟ್ಟ, ಆಳು ಕೂತಾಗ ನೆಟ್ಟಗೆ. ಹಾಗಿದ್ರೇನೇ ತಿರುವಿನಲ್ಲಿ ಗಾಡಿ ಎಳೆಯೋದಿಲ್ಲ."

ಟೈಲರಣ್ಣನಿಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಕೋಟು ಹ್ಯಾಂಗರಿನಲ್ಲಿ ಹೇಗೆ ನೇತಾಡಿದರೇನು, ಮೈಮೇಲೆ ಸರಿ ಕೂತರಾಯಿತು ಎಂದು ದಿನಕ್ಕೆ ಹತ್ತು ಗಿರಾಕಿಗಳಿಗೆ ಹೇಳುವ ಬಾಯಿ ಅವನದು.

"ಮೇಡಂ, ಈಗ್ಲೇ ತೆಗೀತೀವಿ!"

"ಎಷ್ಟು ಹೊತ್ತು ಬೇಕು?"

"ಹತ್ತು ನಿಮಿಷ!"

ಎಂಟೇ ನಿಮಿಷ ಸಾಕಾಯಿತು. ಬೆಳಿಗ್ಗೆಯಿಂದ ಬಿಚ್ಚಿ ಬಿಚ್ಚಿ ಮೂವರಿಗೂ ಆ ಸ್ಪ್ರಿಂಗು ತಂತಮ್ಮ ಚಪ್ಪಲಿಯಷ್ಟೇ ಪರಿಚಿತವಾಗಿತ್ತು. ಪ್ಯಾಡು ಹೊರಬಿತ್ತು. ಕಾರು ಬೆಳಿಗ್ಗೆ ಇದ್ದಂತೆಯೇ ಒಂದೂಕಾಲು ಇಂಚು ವಾಲಿ ನಿಂತಿತು. ಈಗ ಅದನ್ನು ನೋಡಿ ಮೂವರೂ "ಆಹಾ, ಎಷ್ಟು ಚೆನ್ನಾಗಿ ವಾಲಿದೆ!" ಎಂದರು.

"ಈಗ ಓಡಿಸೋರು ಕೂತ್ಕೊಳ್ಳಿ," ಎಂದು ಪರೀಕ್ಷಕಿ ಬಾನೆಟ್ಟಿನ ಮೇಲೆ ತಮ್ಮದೇ ರಸಮಟ್ಟ ಇಟ್ಟರು.

ಟೈಲರಣ್ಣ ಕೈ ತೊಳೆದು, ಕೂದಲು ನೀವಿ, ಬಾಗಿಲು ತೆಗೆದು, ಸ್ಟೀರಿಂಗ್ ಹಿಂದೆ ಕೂತ. ಎದೆ ಉಬ್ಬಿಸಿದ. ಪರೀಕ್ಷಕಿ ಗುಳ್ಳೆಯನ್ನೇ ನೋಡುತ್ತ ಬಾಗಿದ್ದರು. ಸ್ವಲ್ಪ ಹೊತ್ತಾಯಿತು.

"ಕೂತ್ಕೊಳ್ಳಿ ಅಂದೆ."

"ಕೂತಿದ್ದೀನಿ ಮೇಡಂ."

ಅವರು ತಲೆ ಎತ್ತಿ ನೋಡಿದರು. ಕೂತಿದ್ದ. ಗುಳ್ಳೆ ಮಾತ್ರ ಅಲುಗಿರಲಿಲ್ಲ.

"ನಿಮ್ಮ ತೂಕ ಎಷ್ಟು?"

"ನಲವತ್ತಾರು ಮೇಡಂ. ಊಟ ಆದ ಮೇಲೆ ನಲವತ್ತಾರೂವರೆ."

"ಮೊದಲು ಓಡಿಸ್ತಿದ್ದೋರು?"

"ನಮ್ಮ ಸೋದರಮಾವ. ಅವರು ಬಾಗಿಲಲ್ಲಿ ನಿಂತ್ರೆ ಮನೆಯೊಳಗೆ ಕತ್ತಲಾಗೋದು."

"ಅದಕ್ಕೇ. ಅವರ ಕೆಳಗೆ ನೆಟ್ಟಗಿತ್ತು. ನಿಮ್ಮ ಕೆಳಗೆ ಸೊಟ್ಟ. ಸೊಟ್ಟ ಓಡೋ ಗಾಡಿಗೆ ಚೀಟಿ ಕೊಡೋ ಹಾಗಿಲ್ಲ."

"ಒಂದು ಮೂಟೆ ಸಿಮೆಂಟು ಕಾಲ ಹತ್ರ ಇಟ್ರೆ?" ಎಂದರು ಮೇಸ್ತ್ರಿ.

"ಆಗಲ್ಲ. ಬ್ರೇಕ್ ಒತ್ತೋ ಜಾಗದಲ್ಲಿ ಮೂಟೆ ಇಡ್ತೀರಾ?"

ಟೈಲರಣ್ಣ ಇಳಿದು ಒಳಗೆ ಓಡಿದ. ಬಂದಾಗ ಮೈಮೇಲೆ ಮೂರು ಕೋಟು ತೊಟ್ಟಿದ್ದ. ಜೇಬುಗಳಲ್ಲಿ ಕತ್ತರಿಗಳು, ಬೀಗಗಳು, ತೂಕದ ಕಲ್ಲುಗಳು. ಎರಡೂ ಕೈಯಲ್ಲಿ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ತಬ್ಬಿಕೊಂಡಿದ್ದ. ಕೂತ. ಗುಳ್ಳೆ ನಿದ್ದೆಯಲ್ಲಿ ಮಗ್ಗುಲಾದವರ ಹಾಗೆ ಕೂದಲೆಳೆಯಷ್ಟು ಸರಿದು ಮತ್ತೆ ಮಲಗಿತು.

"ಇಸ್ತ್ರಿ ಪೆಟ್ಟಿಗೆಗೆ ಲೈಸೆನ್ಸ್ ಇದೆಯಾ?" ಎಂದರು ಪರೀಕ್ಷಕಿ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಹನ್ನೊಂದು ವರ್ಷದ ಕೆಲಸ ಕೆಳಗಿನಿಂದ ನೋಡಿದ್ದೀನಿ. ಇಂಥ ಕೆಲಸ ನಮ್ಮ ಕಾರ್ಖಾನೇಲೂ ಆಗ್ತಿರಲಿಲ್ಲ. ಆದ್ರೆ ನಾನೇನು ಮಾಡಲಿ? ಮೂವತ್ತು ಕಿಲೋ ಏರಿಸಿಕೊಂಡು ಮುಂದಿನ ವರ್ಷ ಬನ್ನಿ."

ಟೈಲರಣ್ಣ ಕಾರಿನಿಂದ ಇಳಿದು ಮೆಟ್ಟಿಲ ಮೇಲೆ ಕೂತ. ಮೂರು ಕೋಟಿನೊಳಗೆ ಅವನು ಇದ್ದಾನೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಸಲೂನಣ್ಣ, ಬಾಳಿನಲ್ಲಿ ಮೊದಲ ಸಲ, ಏನೂ ಹೇಳಲಿಲ್ಲ. ಪರೀಕ್ಷಕಿ ರಸಮಟ್ಟವನ್ನು ಬಾನೆಟ್ಟಿನ ಮೇಲೆಯೇ ಬಿಟ್ಟು, ಪಕ್ಕದಲ್ಲಿ ನಿಂತು, ಇಷ್ಟವಿಲ್ಲದ ಕೈಯಿಂದ ಫಾರಂ ತುಂಬತೊಡಗಿದರು.

ಅಷ್ಟು ಹೊತ್ತಿಗೆ ಹೊರಗೆ ಹಾರ್ನ್ ಕೇಳಿತು. ಸಂಜೆಯ ಟ್ರಿಪ್ ಮುಗಿಸಿ ಬಂದ ವ್ಯಾನಕ್ಕ ವ್ಯಾನನ್ನು ರಸ್ತೆಯ ಬದಿಗೆ ನಿಲ್ಲಿಸಿ ಗೇಟಿನೊಳಗೆ ಇಣುಕಿದಳು. ವ್ಯಾನ್ ನಿಲ್ಲಿಸುವ ಜಾಗದಲ್ಲಿ ಕಾರು ಅಡ್ಡ ನಿಂತಿತ್ತು.

"ಯಾರಾದ್ರೂ ಇದನ್ನ ಹಿಂದಕ್ಕೆ ತೆಗೀರಿ," ಎಂದಳು. ಯಾರೂ ಅಲುಗಲಿಲ್ಲ. ಎಲ್ಲರ ಮುಖ ನೋಡಿದಳು. ಗಂಡನ ಮೂರು ಕೋಟು ನೋಡಿದಳು. "ನಿಮಗೇನು ಜ್ವರಾನಾ?" ಎಂದಳು. ನಿಟ್ಟುಸಿರು ಬಿಟ್ಟು ತಾನೇ ಕಾರಿನ ಬಾಗಿಲು ತೆಗೆದು, ಸ್ಟೀರಿಂಗ್ ಹಿಂದೆ ಕೂತು, ಕೀಲಿಗೆ ಕೈಹಾಕಿದಳು.

"ಅಲುಗಾಡಬೇಡಿ!" ಎಂದು ಪರೀಕ್ಷಕಿ ಚೀರಿದರು.

ವ್ಯಾನಕ್ಕ ಕೈ ಎತ್ತಿದಳು, ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ.

ಗುಳ್ಳೆ ಎದ್ದಿತ್ತು. ಎರಡು ಗೆರೆಗಳ ನಡುವೆ ಬಂದು, ಒಮ್ಮೆ ಅತ್ತಿತ್ತ ನೋಡಿ, ಅಲ್ಲೇ ನಿಂತಿತು. ಮೇಸ್ತ್ರಿ ಓಡಿಬಂದು ತಮ್ಮ ರಸಮಟ್ಟವನ್ನೂ ಇಟ್ಟರು. ಅದರ ಗುಳ್ಳೆಯೂ ನಡುವೆಯೇ. ಟೈಲರಣ್ಣ ಟೇಪು ಹಿಡಿದ. ಆ ಕಡೆ, ಈ ಕಡೆ, ದಾರದಷ್ಟೂ ಹೆಚ್ಚುಕಡಿಮೆ ಇಲ್ಲ. ಕಾರು ಇವಳಿಗೆಂದೇ ಅಳತೆ ತೆಗೆದು ಹೊಲಿಸಿದಂತಿತ್ತು.

"ನಿಮಗೆ ಲೈಸೆನ್ಸ್ ಇದೆಯಾ ಅಮ್ಮಾ?" ಎಂದರು ಪರೀಕ್ಷಕಿ.

"ಇಲ್ದೆ ನಲವತ್ತು ಮಕ್ಕಳನ್ನ ಹೊತ್ಕೊಂಡು ಓಡಾಡ್ತೀನಾ?"

"ಪಾಸು. ಓಡಿಸೋರು, ಇವರು," ಎಂದು ಪರೀಕ್ಷಕಿ ಬರೆದುಕೊಂಡರು.

ಟೈಲರಣ್ಣ ಇನ್ನೊಂದು ಸಲ ಟೇಪು ಹಿಡಿದು ನೋಡಿದ. ಅಳತೆ ಬದಲಾಗಿರಲಿಲ್ಲ.

"ನನಗ್ಯಾಕೆ ಇದು? ಬೆಳಿಗ್ಗೆಯಿಂದ ಓಡಿಸಿ ಓಡಿಸಿ ಸೊಂಟ ಬಿದ್ದಿದೆ," ಎಂದಳು ವ್ಯಾನಕ್ಕ. "ಅವರ ಕಾರು, ಅವರೇ ಓಡಿಸಲಿ."

"ಅವರು ಓಡಿಸಿದ್ರೆ ಮೆರವಣಿಗೆ ಇಲ್ಲ. ನೀವು ಓಡಿಸಿದ್ರೆ ಇದೆ."

ವ್ಯಾನಕ್ಕ ಗಂಡನನ್ನು ನೋಡಿದಳು. ಅವನು ಕಾರನ್ನು ನೋಡಿದ. ಷೆಡ್ಡಿನಲ್ಲಿ ಇನ್ನೊಂದು ವರ್ಷ ಮುಸುಕು ಹೊದ್ದು ಕೂರುವುದಕ್ಕೆ ಅದು ತೀರ ಕೆಂಪಗಿತ್ತು.

"ಓಡಿಸು," ಎಂದ, ಕೋಟ್ ಬಿಚ್ಚುತ್ತ.

"ಪಕ್ಕದ ಸೀಟಿನಲ್ಲಿ ಯಾರಾದ್ರೂ ಇರ್ತಾರಾ? ಇದ್ರೆ ಮಟ್ಟ ಇನ್ನೊಂದು ಸಲ ನೋಡಬೇಕು," ಎಂದರು ಪರೀಕ್ಷಕಿ.

ಟೈಲರಣ್ಣ ಕ್ಲಾಸಿನಲ್ಲಿ ಉತ್ತರ ಗೊತ್ತಿರುವ ಹುಡುಗನ ಹಾಗೆ ಕೈ ಎತ್ತಿದ. ಹೋಗಿ ಪಕ್ಕದಲ್ಲಿ ಕೂತ. ಪರೀಕ್ಷಕಿ ಬಾಗಿ ಗುಳ್ಳೆ ನೋಡಿದರು. ಅದು ಕದಲಲಿಲ್ಲ. ಇಳಿಯಲು ಹೇಳಿ ನೋಡಿದರು. ಆಗಲೂ ಕದಲಲಿಲ್ಲ. ಮತ್ತೆ ಹತ್ತಲು ಹೇಳಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಫಾರಮಿನಲ್ಲಿ ಬರೆದರು: "ಪಕ್ಕದ ಸೀಟು: ಖಾಲಿ."

"ಮೇಡಂ, ನಾನಿದ್ದೀನಿ," ಎಂದ ಟೈಲರಣ್ಣ.

"ಇರಿ. ಅದರಿಂದ ಏನೂ ತೊಂದರೆ ಇಲ್ಲ," ಎಂದರು ಅವರು ಬಹಳ ಪ್ರೀತಿಯಿಂದ. "ಈಗ ಒಂದು ಸುತ್ತು ಓಡಿಸಿ ತೋರಿಸಿ. ನೋಡಿ ಚೀಟಿಗೆ ಸಹಿ ಹಾಕ್ತೀನಿ."

ವ್ಯಾನಕ್ಕ ಕೀಲಿ ತಿರುಗಿಸಿದಳು. ವ್ಯಾನಿನ ಎಂಜಿನ್ ಇಷ್ಟು ವರ್ಷ ಅವಳಿಗೆ ಕೆಮ್ಮಿ ಕೆಮ್ಮಿ ಉತ್ತರ ಕೊಡುತ್ತಿತ್ತು. ಇದು ಮೊದಲ ತಿರುವಿಗೇ ಗುರ್ ಎಂದಿತು. ಅವಳು ಬೆದರಿ ಕಾಲು ತೆಗೆದಳು. ಆಮೇಲೆ ಮೆಲ್ಲಗೆ ಇನ್ನೊಮ್ಮೆ ಒತ್ತಿದಳು. ಗುರ್ರ್. ಅವಳ ಮುಖದ ಮೇಲೆ, ಕಿವಿಯಿಂದ ಕಿವಿಗೆ, ಒಂದು ನಗು ಹರಡಿತು. ಟೈಲರಣ್ಣ ಅಂಥ ನಗುವನ್ನು ಮದುವೆಯಾದ ಹೊಸತರಲ್ಲಿ ಎರಡು ಸಲ ನೋಡಿದ್ದ.

"ರೀ! ಇದನ್ನ ಇಷ್ಟು ವರ್ಷ ನನಗೆ ಯಾಕ್ರೀ ಹೇಳಲಿಲ್ಲ?"

"ಹನ್ನೊಂದು ವರ್ಷದಿಂದ ಅದನ್ನೇ ಹೇಳ್ತಿದ್ದೀನಿ ಕಣೇ."

ಕಾರು ನಯವಾಗಿ ಮುಂದಕ್ಕೆ ಸರಿದು ಗೇಟಿನ ಬಳಿ ನಿಂತಿತು. ಗಲಾಟೆ ನೋಡಲು ಬಂದವರು ಒಳಗೆ ನುಗ್ಗಬಾರದೆಂದು ಮೇಸ್ತ್ರಿ ಗೇಟನ್ನು ಹಾಕಿಬಿಟ್ಟಿದ್ದರು.

"ಒಂಚೂರು ಇಳಿದು ತೆಗೀರಿ," ಎಂದಳು ವ್ಯಾನಕ್ಕ, ಕಣ್ಣು ರಸ್ತೆಯ ಮೇಲಿಟ್ಟು.

ಟೈಲರಣ್ಣ ಇಳಿದ. ಗೇಟಿನ ಎರಡೂ ಬಾಗಿಲುಗಳನ್ನು ವಿಶಾಲವಾಗಿ ತೆಗೆದ. ಕಾರು ಹೊರಗೆ ಬಂತು. ರಸ್ತೆಗೆ ತಿರುಗಿತು. ಸಂಜೆಯ ಬಿಸಿಲು ಅದರ ಕೆಂಪು ಬೆನ್ನಿನ ಮೇಲೆ ಬಿತ್ತು. ಎರಡೂ ಕಡೆ ಜನ ನಿಂತು ಬಾಯಿ ಬಿಟ್ಟುಕೊಂಡು ನೋಡಿದರು. ಅವರಲ್ಲಿ ಗಿರಾಕಿಗಳೂ ಇದ್ದರು. ವ್ಯಾನಕ್ಕ ಒಂದು ಕೈ ಎತ್ತಿ ಎಲ್ಲರಿಗೂ ಬೀಸಿದಳು. ಕಾರು ದನಿ ಏರಿಸಿತು, ಮೂಲೆಯ ತಿರುವನ್ನು ಕತ್ತಿಯ ಹಾಗೆ ಕೊಯ್ದುಕೊಂಡು ಹೋಯಿತು. ಒಂದು ನೂಲಿನಷ್ಟೂ ವಾಲಲಿಲ್ಲ.

ತಾನು ಕೂತು ಓಡಿಸಿದ್ದರೆ ಅದು ಹೊರಗಿನಿಂದ ಇಷ್ಟು ಚೆಂದ ಕಾಣುತ್ತದೆಂದು ತನಗೆ ತಿಳಿಯುತ್ತಲೇ ಇರಲಿಲ್ಲ ಎಂದುಕೊಂಡ ಟೈಲರಣ್ಣ. ಗೇಟು ಹಿಡಿದುಕೊಂಡು ಅಲ್ಲೇ ನಿಂತಿದ್ದ.

ಅವನು ಮತ್ತೆ ಹತ್ತದೇ ಉಳಿದದ್ದು ಕಾರಿಗೂ ಗೊತ್ತಾಗಿರಲಿಲ್ಲ, ಓಡಿಸುವವಳಿಗೂ ಗೊತ್ತಾಗಿರಲಿಲ್ಲ.